ಕಣ ಕತ್ತರಿಸಿದ ಸೀರೆ

ರಾಯದುರ್ಗ
18-8-2025, ಶ್ರಾವಣದ ಕಡೆಯ ಸೋಮವಾರ

ನನ್ನವ್ವಾ ಶಿವಲೀಲಾ,

ನಿನಗೂ ನಿನ್ನ ಮಡಿಲ ಕೂಸಿಗೂ ಅತ್ತೆ ನರಸಕ್ಕನ ಆಶೀರ್ವಾದ. ಮೈ ಹೇಗಿದೆ? ಸೊಂಟದ ನೋವು ಇಳಿಯಿತೇ? ಮೂರು ತಿಂಗಳು ತುಂಬಿತಲ್ಲ ಎಂದು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಓಡಾಡಬೇಡ. ನಿನ್ನ ತವರು ಅಗಳಿಯ ಕಡೆ ಈ ತಿಂಗಳಲ್ಲಿ ಬೀಸುವ ಗಾಳಿ ಬಾಣಂತಿಯರ ಕಿವಿಯನ್ನೇ ಹುಡುಕಿಕೊಂಡು ಬರುತ್ತದೆ. ಕೂಸಿಗೆ ಹಾಲು ಸಾಲುತ್ತಿದೆಯೇ? ನೆತ್ತಿಗೆ ಹರಳೆಣ್ಣೆ ತಪ್ಪಿಸಬೇಡ. ನಿಮ್ಮಮ್ಮ ಲಕ್ಷ್ಮಕ್ಕನವರು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಗೊತ್ತು. ಆದರೂ ಅಜ್ಜಿಯಾದವಳು ಕೇಳದೆ ಇರಲಾರಳು. ಇಷ್ಟೆಲ್ಲ ಕೇಳುತ್ತಿದ್ದೇನೆ, ಆ ಕೂಸನ್ನು ನೀವು ಏನೆಂದು ಕರೆಯುತ್ತೀರಿ ಎಂಬುದೇ ನನಗೆ ತಿಳಿಯದು. ತೊಟ್ಟಿಲ ದಿನ ಹೆಸರು ಕೂಗುವ ಮೊದಲೇ ಎಲ್ಲ ಕೆಟ್ಟುಹೋಯಿತು. ಮೊಮ್ಮಗಳ ಹೆಸರು ಗೊತ್ತಿಲ್ಲದ ಅಜ್ಜಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಫೋನ್ ಮಾಡಿದರೆ ನಿಮ್ಮಪ್ಪ ಎತ್ತುತ್ತಾರೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಗಂಗಣ್ಣನವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇಡುವ ಮೊದಲು ನಾಲ್ಕು ಮಾತು ಬೈದೇ ಇಡುತ್ತಿದ್ದೆ. ನಿನ್ನ ಮೊಬೈಲಿಗೆ ಕಳಿಸಿದ ಮೆಸೇಜುಗಳು ನಿನ್ನನ್ನು ಮುಟ್ಟುವುದೇ ಇಲ್ಲವಂತೆ. ಅದಕ್ಕೇ ಕಾಗದ ಹಿಡಿದು ಕುಳಿತೆ. ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ, ಕೋಳಿ ಕೆದರಿದ ಹಾಗಿದೆ ಎಂದು ನೀನು ನಗುತ್ತಿದ್ದೆ. ಈಗಲೂ ನಗು, ಆದರೆ ಕೊನೆಯವರೆಗೂ ಓದು.

ನಡುಮನೆಯಲ್ಲಿ ವಾಪಸ್ ಬಂದ ಡಬ್ಬಿಗಳ ನಡುವೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕಾಲು ಚಾಚಲು ಜಾಗವಿಲ್ಲ. ನೀನು ಇದ್ದಾಗ ಇದೇ ನಡುಮನೆಯಿಂದ ಡಬ್ಬಿಗಳು ಹೊರಗೆ ಹೋಗುತ್ತಿದ್ದವು. ನಿನ್ನ ಮಾವ ಗದ್ದುಗೆಯ ಮೇಲೆ ಕುಳಿತು ಸೀರೆ ಮಾರಿದ ಅಂಗಡಿಯನ್ನು ಮೊಬೈಲಿನೊಳಗೆ ಇಳಿಸುತ್ತೇನೆ ಎಂದು ನೀನು ಹೊರಟಾಗ ನಾನೇ ಮೊದಲು ಮೂತಿ ತಿರುಗಿಸಿದವಳು. ಆಮೇಲೆ ರೊಟ್ಟಿ ತಟ್ಟುವಾಗಲೆಲ್ಲ ನೀನು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟೆ. ಸೀರೆ ಕೊಂಡವರಿಗೆ ಅದಕ್ಕೆ ಒಪ್ಪುವ ಲಂಗ, ಬಳೆ ತೋರಿಸಿದರೆ ಅದು ಕ್ರಾಸ್ ಸೆಲ್ಲಿಂಗ್. ನೂಲಿನ ಸೀರೆ ನೋಡುತ್ತಿರುವವರಿಗೆ ಅದೇ ಬಣ್ಣದ ರೇಷ್ಮೆ ತೋರಿಸಿದರೆ ಅದು ಅಪ್ ಸೆಲ್ಲಿಂಗ್. ಇದಕ್ಕೆ ಇಂಗ್ಲಿಷ್ ಹೆಸರು ಬೇರೆ ಕೇಡು ಎಂದು ನಾನು ನಕ್ಕೆ. ನಿನ್ನ ಮಾವ ಬದುಕಿನುದ್ದಕ್ಕೂ ಅದನ್ನೇ ಮಾಡಿದವರು. ಬಂದವರು ಕೇಳಿದ್ದನ್ನು ಕೊಟ್ಟು, ಕೇಳದ ಒಂದು ಸೀರೆಯನ್ನು ಬಿಚ್ಚಿ ಮೊಣಕಾಲ ಮೇಲೆ ಹರಡುತ್ತಿದ್ದರು. 'ನೋಡಿದ್ರ ಏನೂ ಹೋಗಂಗಿಲ್ಲವ್ವಾ, ನೋಡ್ರಿ' ಎನ್ನುತ್ತಿದ್ದರು. ಬೇಡ ಎಂದರೆ ತಾವೇ ಮಡಿಸಿ ಇಡುತ್ತಿದ್ದರು, ಎರಡನೆಯ ಸಲ ಬಿಚ್ಚುತ್ತಿರಲಿಲ್ಲ. ನೀನು ಅದನ್ನು ಕೇಳಿ, ಮೊಬೈಲ್ ಅಂಗಡಿಯಲ್ಲಿಯೂ ಒಂದು ಸಲ ತೋರಿಸಿ ಬೇಡವೆಂದವರಿಗೆ ಮತ್ತೆ ತೋರಿಸಬಾರದು ಎಂದು ಕಟ್ಟಳೆ ಮಾಡಿದೆ. ಮಾವನನ್ನು ಕಣ್ಣಿಂದ ನೋಡದ ಸೊಸೆ ಮಾವನ ದಾರಿ ಹಿಡಿದಳಲ್ಲ ಎಂದು ಅವತ್ತು ನನಗೆ ಎಷ್ಟು ಹಿಗ್ಗಾಗಿತ್ತು ಗೊತ್ತೇ.

ನೀನು ಅಳೆಯುತ್ತಿದ್ದ ರೀತಿಯೂ ನೆನಪಿದೆ. ಅರ್ಧ ಗಿರಾಕಿಗಳಿಗೆ ಸೀರೆಯ ಕೆಳಗೆ ಬಳೆ ತೋರಿಸುತ್ತಿದ್ದೆ, ಇನ್ನರ್ಧಕ್ಕೆ ಲಂಗ. ಯಾವುದನ್ನು ಹೆಚ್ಚು ಜನ ಕೊಂಡರು ಎಂದು ನೋಡಿದ ಮೇಲೂ ನಿನಗೆ ಸಮಾಧಾನವಿಲ್ಲ, ತಿಂಗಳಾನುಗಟ್ಟಲೆ ಕಾಯುತ್ತಿದ್ದೆ. ಯಾಕೆ ಎಂದರೆ, 'ಅತ್ತೆ, ಇವತ್ತು ಎಷ್ಟು ಜಾಸ್ತಿ ಕೊಂಡ್ರು ಅನ್ನೋದು ಅರ್ಧ ಲೆಕ್ಕ. ವಾಪಸ್ ಕಳ್ಸಿದ್ರಾ, ಮತ್ತೆ ಬಂದ್ರಾ, ಅದು ಮಿಕ್ಕಿದ್ದು' ಎಂದೆ. ಬಳೆ ಹೆಚ್ಚು ಹೋದರೂ ದಾರಿಯಲ್ಲಿ ಒಡೆದು ಬೈಸಿಕೊಂಡೆವು. ಲಂಗ ಕೊಂಡವರು ಉಗಾದಿಗೆ ಮತ್ತೆ ಬಂದರು. ಬಳೆ ತೆಗೆದು ಲಂಗ ಉಳಿಸಿದೆ. ನನ್ನ ಮಗ ಹನುಮಂತು ಆಗಲೇ ಗೊಣಗಿದ್ದ. ಇಷ್ಟು ನಿಧಾನಕ್ಕೆ ಅಂಗಡಿ ಯಾವಾಗ ಬೆಳೆಯಬೇಕು ಎಂಬುದು ಅವನ ವರಾತ.

ಸೀಮಂತ ಮುಗಿಸಿ ನೀನು ಹೆರಿಗೆಗೆ ತವರಿಗೆ ಹೊರಟೆ. ಬಸ್ ಕಲ್ಯಾಣದುರ್ಗ ದಾಟಿತೋ ಇಲ್ಲವೋ, ಬೊಮ್ಮನಹಾಳಿನ ಆ ಓಬುಲೇಶ್ ನಮ್ಮ ಮನೆ ಹೊಕ್ಕ. ಹನುಮಂತುವಿನ ಕಾಲೇಜಿನ ಗೆಳೆಯ, ಬಳ್ಳಾರಿಯಲ್ಲಿ ಆನ್‌ಲೈನ್ ಅಂಗಡಿಗಳಿಗೆ ಬುದ್ಧಿ ಹೇಳುವುದೇ ಕಸುಬು. ಪ್ರತಿ ಆರ್ಡರಿನಲ್ಲಿಯೂ ಸೀರೆಯ ಜೊತೆಗೆ ಇನ್ನೊಂದು ಸಾಮಾನು ಹೋಗುವಂತೆ ಮಾಡುತ್ತೇನೆ ಎಂದ. ಹೇಗೆ ಮಾಡಿದ ಎಂಬುದು ನಿನಗೆ ಗೊತ್ತೇ ಇದೆ, ಆದರೂ ಬರೆಯದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ. ನಮ್ಮ ಚಿಕ್ಕತಿಮ್ಮಯ್ಯ ಮಗ್ಗದ ಮೇಲೆ ಸೀರೆ ಮುಗಿಸುವಾಗ ಕೊನೆಯಲ್ಲಿ ಕುಪ್ಪಸದ ಕಣವನ್ನೂ ಸೇರಿಸಿಯೇ ನೇಯುತ್ತಾನಲ್ಲ, ಆ ಕಣವನ್ನು ಸೀರೆಯಿಂದ ಬೇರೆ ಸಾಮಾನು ಎಂದು ತೋರಿಸಿದರು. ಅದಕ್ಕೆ ಬೇರೆ ಬೆಲೆ. ಕೊಳ್ಳುವವರಿಗೆ ತಿಳಿಯುವ ಮೊದಲೇ ಅದರ ಮುಂದೆ ಟಿಕ್ ಬಿದ್ದಿರುತ್ತದೆ. ಹುಷಾರಾಗಿ ಟಿಕ್ ತೆಗೆದವರಿಗೆ ಪ್ಯಾಕಿಂಗಿನ ಹುಡುಗಿಯರು ಕತ್ತರಿ ಹಿಡಿದು ಕಣ ಕತ್ತರಿಸಿ ಬರಿಯ ಸೀರೆ ಕಳಿಸಬೇಕು. ಇದನ್ನು ಕೇಳಿ ಚಿಕ್ಕತಿಮ್ಮಯ್ಯ ಬಾಗಿಲಲ್ಲಿಯೇ ನಿಂತು 'ಕೂಡಿಸಿ ನೇಯ್ದಿದ್ದನ್ನ ಯಾಕ ಕತ್ತರಸ್ತೀರ್ರಿ ತಾಯಿ' ಎಂದ. ನಾನು ಮಗನ ಮುಖ ನೋಡಿದೆ. ಮಗ ಮೊಬೈಲ್ ನೋಡುತ್ತಿದ್ದ.

ಮೊಬೈಲಿನಲ್ಲಿ ವ್ಯಾಪಾರ ತೋರಿಸುವ ಗೆರೆ ಮೇಲೆ ಹೋಯಿತು, ಸುಳ್ಳು ಹೇಳಬಾರದು. 'ಅವ್ವಾ, ನೋಡಿಲ್ಲಿ, ಹ್ಯಾಂಗ ಏರೈತಿ' ಎಂದು ದಿನಾ ತಂದು ತೋರಿಸುತ್ತಿದ್ದ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ ಹುಡುಗಿಯರಿಗೆಲ್ಲ ಹಂಚಿದ. ನೀನು ಅಗಳಿಯಲ್ಲಿ ಹಸಿ ಬಾಣಂತಿ, ಮಲಗಿದ್ದಲ್ಲಿಂದಲೇ ಗಿರಾಕಿಗಳು ಬರೆದದ್ದನ್ನು ಓದಿ ಇವನಿಗೆ ಫೋನ್ ಮಾಡುತ್ತಿದ್ದೆ. ಕಣವನ್ನು ಸೀರೆಗೆ ಬಿಡು, ಜನ ಬೈಯುತ್ತಿದ್ದಾರೆ, ಬೈದವರು ಮತ್ತೆ ಬರುವುದಿಲ್ಲ ಎನ್ನುತ್ತಿದ್ದೆ. 'ಬಾಣಂತಿಗೆ ಯಾಕ ಬೇಕು ಈ ಉಸಾಬರಿ' ಎಂದು ಇವನು ಫೋನ್ ಇಟ್ಟಿದ್ದನ್ನು ನಾನೇ ಕೇಳಿದ್ದೇನೆ. ಕೊನೆಗೆ ವರಮಹಾಲಕ್ಷ್ಮಿ ಹಬ್ಬ ಬಂತು. ಬೇರೆ ಸಾಮಾನೆಂದು ತಿಳಿದು ಟಿಕ್ ತೆಗೆದವರಿಗೆ, ಕಲಶಕ್ಕೆ ಉಡಿಸಲು ತರಿಸಿದ ಸೀರೆಗಳು ಕಣವಿಲ್ಲದೆ ಹೋದವು. ಹಬ್ಬದ ಬೆಳಿಗ್ಗೆ ಫೋನ್ ಒಂದು ಕ್ಷಣ ಸುಮ್ಮನಿರಲಿಲ್ಲ. ಕರ್ನೂಲಿನ ಒಬ್ಬಾಕೆ ತೆಲುಗಿನಲ್ಲಿ 'ಅಮ್ಮವಾರಿ ಚೀರಕಿ ರವಿಕ ಗುಡ್ಡ ಏದಮ್ಮಾ' ಎಂದು ಅಳುವ ದನಿಯಲ್ಲಿ ಕೇಳಿದಳು. ದೇವಿಯ ಸೀರೆಗೆ ಕಣ ಎಲ್ಲಿ ಎಂದು ಕೇಳಿದರೆ ನಾನು ಯಾವ ಬಾಯಲ್ಲಿ ಟಿಕ್ಕಿನ ಕಥೆ ಹೇಳಲಿ? ಅವತ್ತಿನಿಂದ ಬರುವುದೆಲ್ಲ ವಾಪಸ್ ಡಬ್ಬಿಗಳೇ. ಹಳೆಯ ಗಿರಾಕಿಗಳು ಒಬ್ಬರೂ ಇತ್ತ ಸುಳಿದಿಲ್ಲ. ಪ್ಯಾಕಿಂಗಿಗೆ ಉಳಿದಿರುವವಳು ರಾಧಾ ಒಬ್ಬಳೇ. ಓಬುಲೇಶ್ ಫೋನ್ ಎತ್ತುವುದಿಲ್ಲ. ಅಂಗಡಿ ಹೋಯಿತು, ಶಿವಲೀಲಾ. ಹೋದ ಅಂಗಡಿಗೆ ನಾನು ಅಳುತ್ತಿಲ್ಲ.

ಅಳುತ್ತಿರುವುದು ನಿನ್ನ ಕೂಸಿನ ತೊಟ್ಟಿಲ ದಿನಕ್ಕೆ. ಈ ಹಾಳು ಮಂಡಿ ಎದ್ದು ನಡೆಯಲು ಬಿಟ್ಟಿದ್ದರೆ ನಾನೇ ಬರುತ್ತಿದ್ದೆ, ಸೀರೆಯನ್ನು ನಾನೇ ಬಿಚ್ಚಿ ನೋಡಿ ತರುತ್ತಿದ್ದೆ. ಗಿಳಿಹಸಿರಿಗೆ ಕುಂಕುಮದ ಅಂಚು, ಆರಿಸಿದವಳು ನಾನೇ. ನಮ್ಮದೇ ಅಂಗಡಿಯಿಂದ ಆರ್ಡರ್ ಹಾಕುತ್ತೇನೆ, ಡಬ್ಬಿ ಚೆನ್ನಾಗಿರುತ್ತದೆ ಎಂದು ಹನುಮಂತು ಹೇಳಿದಾಗ ಇರಲಿ ಎಂದೆ. ನೀನೂ ಕೂಸೂ ಅವತ್ತೇ ಅವನ ಜೊತೆ ಬರುತ್ತೀರೆಂದು ಇಲ್ಲಿ ನೀರೊಲೆಗೆ ಉರಿ ಹಾಕಿ ಕಾಯುತ್ತಿದ್ದೆ. ಬಂದವನು ಅವನೊಬ್ಬನೇ. ಐವರು ಮುತ್ತೈದೆಯರ ಮುಂದೆ ಸೀರೆ ಬಿಚ್ಚಿದರಂತೆ, ಕೊನೆಯಲ್ಲಿ ಕತ್ತರಿಯ ಗಾಯ ಹಾಗೇ ಇತ್ತಂತೆ. ನಿಮ್ಮಪ್ಪ ಎದ್ದು ನಿಂತು 'ತಾನು ಬದ್ಕಿರೋವಾಗ್ಲೇ ಹೆಂಡ್ತಿಗೆ ಇಂಥಾ ಸೀರೆ ತಂದವ್ನೆ, ಇವನ ಮನೇಗೆ ನನ್ ಮಗಳನ್ನ ಹೆಂಗ್ ಕಳುಸ್ಲಿ' ಎಂದರಂತೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕಣವಿಲ್ಲದ ಸೀರೆ ನನಗೆ ಜೀವಮಾನದಲ್ಲಿ ಒಂದೇ ಸಲ ಬಂದದ್ದು, ನಿನ್ನ ಮಾವ ಹೋದ ಮೇಲೆ, ಕರ್ಮದ ದಿನ, ತವರಿನವರ ಕೈಯಿಂದ. ನಮ್ಮಲ್ಲಿ ಅಂಥ ಸೀರೆಗೆ ಬೇರೆ ಅರ್ಥವಿಲ್ಲ. ಅದನ್ನು ಮೈಗೆ ಸುತ್ತಿಕೊಂಡಾಗ ಏನನ್ನಿಸುತ್ತದೆ ಎಂದು ನನಗೆ ಗೊತ್ತು.

ಆದರೂ ಒಂದು ಮಾತು ಕೇಳು. ಅದು ಬೇಕೆಂದು ಆದದ್ದಲ್ಲವಂತೆ. ಮನೆಯವರು ಹಾಕುವ ಆರ್ಡರಿಗೆ ಆ ಟಿಕ್ ಬೀಳುವುದೇ ಇಲ್ಲವಂತೆ, ರಾಧಾ ಯಾರಿಗೆ ಎಂದು ನೋಡದೆ ಕತ್ತರಿಸಿಬಿಟ್ಟಳಂತೆ. ಹನುಮಂತು ನನ್ನ ಕಾಲ ಹತ್ತಿರ ಕುಳಿತು ಹೇಳಿದ. ಅವನು ಒರಟ, ಗೆರೆ ಏರಿದರೆ ಮೈಮರೆಯುತ್ತಾನೆ, ಆದರೆ ನಿನಗೆ ಕೇಡು ಬಯಸುವವನಲ್ಲ. ಆ ಹುಡುಗಿಯನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಯಂತ್ರದ ತಪ್ಪಿಗೆ, ಒಬ್ಬ ಹುಡುಗಿಯ ಅಜಾಗರೂಕತೆಗೆ ಒಂದು ಸಂಸಾರ ಒಡೆಯಬೇಕೇ? ಗುರುವಾರ ಹನುಮಂತು ಅಗಳಿಗೆ ಬರುತ್ತಾನೆ. ಹೋಗು, ಮಾವನ ಕಾಲಿಗೆ ಬಿದ್ದು ಕರೆದುಕೊಂಡು ಬಾ ಎಂದು ನಾನೇ ಹೇಳಿ ಒಪ್ಪಿಸಿದ್ದೇನೆ. ನನ್ನ ಕೈ ಸೋಕಬಾರದೆಂದು ಪಕ್ಕದ ಮನೆಯ ಪಂಪಮ್ಮನ ಕೈಯಿಂದ ಹೊಸ ಸೀರೆ, ಕಣ, ಅರಿಶಿನ ಕುಂಕುಮ ಕಟ್ಟಿಸಿ ಇಟ್ಟಿದ್ದೇನೆ. ಅಮಾವಾಸ್ಯೆಗೆ ಮೊದಲು ಬಂದುಬಿಡು. ಅಂಗಡಿಗಾಗಿ ಬಾ ಎನ್ನುವುದಿಲ್ಲ, ಅದು ಹಾಳಾಗಿ ಹೋಗಲಿ. ಈ ಮನೆಯಲ್ಲಿ ನಾನೂ ಅವನೂ ಎದುರುಬದುರು ಕುಳಿತು ಉಣ್ಣುವುದು, ಮಾತಿಲ್ಲದೆ ಏಳುವುದು, ಇದಿಷ್ಟೇ ಉಳಿದಿದೆ. ನನಗೆ ಧೈರ್ಯ ಸಾಲುತ್ತಿಲ್ಲ ಮಗಳೇ. ನೀನು ಬರದಿದ್ದರೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ.

ಬೀಗರಿಗೂ ಲಕ್ಷ್ಮಕ್ಕನವರಿಗೂ ನನ್ನ ನಮಸ್ಕಾರ ತಿಳಿಸು. ಕೂಸಿನ ಕೆನ್ನೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ಹೇಮಾವತಿಯ ಸಿದ್ಧೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ದಾರಿ ಕಾಯುವ ಅತ್ತೆ
ನರಸಕ್ಕ

ತಾ.ಕ.: ಕಾಗದವನ್ನು ಅಂಚೆಗೆ ಹಾಕಿ ಬಾ ಎಂದು ರಾಧಾಳ ಕೈಗೆ ಕೊಟ್ಟೆ. ಮೇಲೆ ನಿನ್ನ ಹೆಸರು ನೋಡಿದವಳೇ ಹೊಸ್ತಿಲಲ್ಲಿ ಕುಸಿದು ಕುಳಿತು ಅತ್ತಳು. 'ಅವ್ವಾರ, ಅಕ್ಕನ ಸೀರಿ ಅಂತ ನನಗ ಗೊತ್ತಿತ್ರಿ, ನಾನು ಕಣ ಕತ್ತರಿಸಿದ್ದಿಲ್ಲ, ಹಂಗಾ ಇಟ್ಟು ಡಬ್ಬಿ ಮುಚ್ಚಿದ್ದೆ. ಅಣ್ಣಾರು ಡಬ್ಬಿ ಬಿಚ್ಚಿಸಿ ತಾವಾ ಕತ್ತರಿ ಹಿಡಿದ್ರು. ಕಣ ಕಣ ಅಂತ ತಲಿ ತಿಂತಾಳ, ಇಲ್ದಿದ್ರ ಏನಾಕ್ಕೈತಿ ಆಕೀನಾ ನೋಡ್ಲಿ ಅಂತ ನಕ್ಕಂತ ಕತ್ತರಿಸಿದ್ರಿ' ಎಂದಳು. ಮನೆಯ ಆರ್ಡರಿಗೂ ಟಿಕ್ ಬೀಳುತ್ತದಂತೆ, ಅದನ್ನು ತೆಗೆದವನೂ ಅವನೇ ಅಂತೆ. ಈಗ ಅಂಚೆ ಬೇಡ. ಅಂಚೆ ತಲುಪುವ ಮೊದಲು ಅವನು ತಲುಪಿಬಿಡುತ್ತಾನೆ. ರಾಧಾ ಇದನ್ನು ಹಿಡಿದು ಮಡಕಶಿರದ ಬಸ್ಸಿಗೆ ಹೊರಟಿದ್ದಾಳೆ, ಅಲ್ಲಿಂದ ಆಟೋ ಹಿಡಿದು ಬರುತ್ತಾಳೆ, ಅವಳಿಗೆ ಊಟ ಹಾಕು. ಮೇಲೆ ನಾನು ಬರೆದದ್ದನ್ನೆಲ್ಲ ಬಿಟ್ಟುಬಿಡು. ಗುರುವಾರ ಅವನು ಬಂದರೆ ಕೂಸನ್ನು ತೋರಿಸು, ನೀರು ಕೊಡು, ನಿಮ್ಮಪ್ಪ ಬೈದರೆ ತಡೆಯಬೇಡ. ಅಳುತ್ತಾನೆ, ನನ್ನ ಕಾಲ ಹತ್ತಿರವೂ ಅತ್ತಿದ್ದ. ಅವನ ಜೊತೆ ಬರಬೇಡ.