ಹತ್ತನೇ ಗೆರೆ ಮತ್ತು ನಿಮ್ಮ ಅರ್ಧ ನೀರು

ಆಸ್ಪತ್ರೆಯ ಔಷಧ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮಕ್ಕ ಬಚ್ಚಲಲ್ಲಿ ಕುಸಿದು ಬಿದ್ದದ್ದಕ್ಕೆ ‘ಆರೈಕೆ ಮಾಡುವವರ ಅಜಾಗರೂಕತೆ’ ಕಾರಣವೆಂದು ನಿಮ್ಮ ವರದಿ ಹೇಳುತ್ತದೆ. ಆ ಆರೈಕೆ ಮಾಡುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಎರಡೆರಡು ಸಲ ವಾಪಸು ಬರುವವಳು. ನನ್ನಲ್ಲಿ ಇಲ್ಲದ ಗುಣಗಳು ನೂರಿವೆ. ತಾವು ಹುಡುಕಿ ಹುಡುಕಿ, ಇರುವ ಒಂದನ್ನೇ ಇಲ್ಲವೆಂದು ಬರೆದಿದ್ದೀರಿ.

ನಾನು ಐದನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು, ದಶಮಾಂಶದ ಪಾಠ ಬರುವ ಮೊದಲೇ. ಅಕ್ಕನಿಗೆ ದಿನಾ ಬೆಳಿಗ್ಗೆ ಮನೆಯಲ್ಲೇ ನಾನು ಚುಚ್ಚುವ ಮದ್ದು ಡಾಕ್ಟರ ಚೀಟಿಯಲ್ಲಿ ಮಿಲಿಗ್ರಾಂನಲ್ಲಿದೆ, ಸೀಸೆಯ ಪುಡಿಗೆ ಬೆರೆಸುವ ನೀರು ಮಿಲಿಲೀಟರ್‌ನಲ್ಲಿ, ಎಳೆಯಲು ಕೊಟ್ಟ ಇನ್ಸುಲಿನ್ ಸಿರಿಂಜ್ ಮೇಲೆ ಇನ್ಸುಲಿನ್ ಅಳೆಯುವ ಯೂನಿಟ್. ಇದನ್ನು ನಾನು ಹೇಗೆ ಹೊಂದಿಸಲಿ? ನಿಮ್ಮ ವಾರ್ಡಿನ ದೊಡ್ಡ ಸಿಸ್ಟರ್ ಒಂದು ಸಿರಿಂಜಿನ ಹತ್ತನೇ ಗೆರೆಗೆ ಕೆಂಪು ಉಗುರುಬಣ್ಣ ಹಚ್ಚಿ, “ಲೆಕ್ಕ ನಂಗಿರ್ಲಿ, ಗೆರೆ ನಿಂಗಿರ್ಲಿ. ದಿನಾ ಹೊಸ ಸಿರಿಂಜನ್ನ ಇದರ ಪಕ್ಕ ಹಿಡ್ಕೊಂಡು ಎಳಿಯಮ್ಮ” ಎಂದರು. ಏಳು ತಿಂಗಳು ಹಾಗೇ ಎಳೆದೆ. ಅಕ್ಕ ಚೆನ್ನಾಗಿದ್ದಳು.

ಆಮೇಲೆ ನಿಮ್ಮ ಹೊಸ ಪೆಟ್ಟಿಗೆ ಬಂತು. ಅದೇ ಬಣ್ಣ, ಅದೇ ಹೆಸರು, ಐದು ಮಿಲಿಗ್ರಾಂನ ಅದೇ ಪುಡಿ. ಜೊತೆಗಿಟ್ಟ ನೀರು ಮಾತ್ರ ಎರಡು ಮಿಲಿಲೀಟರ್ ಇದ್ದದ್ದು ಒಂದಾಗಿತ್ತು. ನೀರು ಅರ್ಧವಾದರೆ ಮದ್ದು ಎರಡರಷ್ಟು ಗಟ್ಟಿ, ಐದನೇ ಗೆರೆಗೇ ನಿಲ್ಲಿಸಬೇಕು. ಈಗ ನನಗೂ ಗೊತ್ತು. ಮೂರು ದಿನ ಬೆಳಿಗ್ಗೆ ಕೆಂಪು ಗೆರೆಯವರೆಗೆ ಎಳೆದು ಚುಚ್ಚಿದೆ. ನಾಲ್ಕನೆಯ ಬೆಳಿಗ್ಗೆ ಅವಳು ಬಿದ್ದಳು. ಚುಚ್ಚಿದ್ದು ನನ್ನ ಕೈಯೇ, ಅದನ್ನು ಅಲ್ಲಗಳೆಯುವುದಿಲ್ಲ.

ನೀರು ಬದಲಾದದ್ದನ್ನು ಯಾಕೆ ಹೇಳಲಿಲ್ಲವೆಂದು ಔಷಧದ ಕಿಟಕಿಯಲ್ಲಿ ಕೇಳಿದ್ದಕ್ಕೆ, “ಪೆಟ್ಟಿಗೆ ಮೇಲೇ ಬರ್ದಿದೆಯಲ್ಲಮ್ಮ, ಓದ್ಬಾರ್ದಾ?” ಎಂದರು.

“ಕೊಡೋವಾಗ ನೀವು ಓದಿದ್ರಾ ಅಣ್ಣ?” ಎಂದೆ.

ಕಿಟಕಿ ಮುಚ್ಚಿ ಊಟಕ್ಕೆ ಹೋದರು.

ವರದಿಯ ಕೊನೆಯ ಸಾಲಿನಲ್ಲಿ ಮನೆಯಲ್ಲಿ ಚುಚ್ಚುವ ಅನುಮತಿಯನ್ನೂ ರದ್ದು ಮಾಡಿದ್ದೀರಿ. ಎರಡು ಮಹಡಿ ಇಳಿಯಲಾರದವಳು ದಿನಾ ನಿಮ್ಮಲ್ಲಿಗೆ ಹೇಗೆ ಬರಬೇಕು, ಹಾರಿಕೊಂಡೇ? ಆರು ದಿನದಿಂದ ಅವಳಿಗೆ ಮದ್ದಿಲ್ಲ. ನಿನ್ನೆ, “ಬಾರೇ ಪುಕ್ಕಲಿ, ನೀನೇ ಚುಚ್ಚು. ನೀನು ನಡುಗಿದ್ರೂ ನಿನ್ ಸೂಜಿ ನಡುಗಲ್ಲ” ಎಂದಳು. ಅವಳಿಗಿರುವ ಧೈರ್ಯ ನಿಮಗೇಕಿಲ್ಲ?

ಅನುಮತಿಯನ್ನು ಈ ವಾರವೇ ಮರಳಿಸಿ. ಪೆಟ್ಟಿಗೆ ಬದಲಾದಾಗ ಎಷ್ಟು ನೀರು, ಎಷ್ಟನೇ ಗೆರೆ ಎಂದು ಚೀಟಿ ಅಂಟಿಸಿ, ಕಿಟಕಿಯವರ ಬಾಯಲ್ಲೂ ಹೇಳಿಸಿ. ‘ಅಜಾಗರೂಕತೆ’ ಎಂಬ ಮಾತನ್ನು ವರದಿಯಿಂದ ಅಳಿಸುವುದು ಬೇಡ. ಅದು ಯಾರದೆಂಬುದನ್ನಷ್ಟೇ ತಿದ್ದಿ.

ಇಂತಿ,
ನಿಮ್ಮ ಅಪ್ಪಣೆಗೆ ಕಾಯುತ್ತ, ಖಾಲಿ ಸಿರಿಂಜಿನಲ್ಲಿ ಐದನೇ ಗೆರೆಯನ್ನು ಮತ್ತೆ ಮತ್ತೆ ಎಣಿಸುತ್ತಿರುವ ತಂಗಿ