ಹಸಿರಾಗಿ ಬಂದ ಮುಖ

ತಂಗೀ ಕೆಂಪಮ್ಮ,

ಇವತ್ತು ಪಾಂಡವಪುರದಲ್ಲಿ ನಿನ್ನ ಫೋಟೋಗಾಗಿ ಜಗಳ ಆಡಿ ಬಂದೆ. ನಿನ್ನ ತಿಥಿಗೆ ಇಡೋಣ ಅಂತ ಹಾಲಿನ ಡೈರಿ ಕಾರ್ಡಿನಲ್ಲಿದ್ದ ಕಪ್ಪು ಬಿಳುಪು ಫೋಟೋ ಕೊಟ್ಟರೆ, ಕಂಪ್ಯೂಟರ್ ಅಂಗಡಿಯ ಸಿದ್ದರಾಜು ತನ್ನ ಹಳೇ ಶಾಯಿ ಪ್ರಿಂಟರಿನಲ್ಲಿ ನಿನ್ನ ಮುಖವನ್ನೇ ಹಸಿರು ಮಾಡಿಬಿಟ್ಟ!

"ಮೂರು ಬಣ್ಣ ಬೆರೆಸಿ ಬೂದು ಬಣ್ಣ ಮಾಡ್ತದೆ, ಅಂಗೇ ಬರೋದು. ಹಾರ ಹಾಕಿದ್ಮೇಲೆ ಯಾರ್ ನೋಡ್ತಾರೆ ಬುಡಿ ಯಜಮಾನ್ರೇ" ಅಂದ.

"ನಾನ್ ನೋಡ್ತೀನಿ ಕಣ್ಲಾ! ಕಪ್ಪು ಶಾಯಿ ಒಂದ್ರಲ್ಲೇ ತೆಗಿ" ಅಂತ ರೇಗಿದೆ.

ಗೊಣಗಿಕೊಂಡೇ ಬಣ್ಣ ನಿಲ್ಲಿಸಿ, ನುಣುಪು ಕಾಗದ ಹಾಕಿದ. ಆಗ ಬಂದೆ ನೋಡು ನೀನು, ಅದೇ ಹುಬ್ಬು ಗಂಟಿಕ್ಕಿಕೊಂಡು.

"ಈ ಅಮ್ಮೋರು ನಗ್ತಾ ಇರೋ ಫೋಟೋ ಇದ್ರೆ ತನ್ನಿ, ಇನ್ನೂ ಚೆಂದಾಗ್ ತೆಕ್ಕೊಡ್ತೀನಿ" ಅಂದ.

ನೀನು ನಕ್ಕಿರೋ ಫೋಟೋ ನಮ್ಮನೇಲಿ ಒಂದೂ ಇಲ್ಲವಲ್ಲ; ಅಷ್ಟೊತ್ತು ಕೂಗಾಡಿದ ನಾನು ಕಾಗದ ಸುತ್ತಿಕೊಂಡು ಬಸ್ಸು ಹತ್ತಿದೆ.

ನಿನ್ನಣ್ಣ