ಶಹಭಾಸ್ ಎಂದ ರೇಡಿಯೋ

೧೭-೮-೧೯೬೧, ಗುರುವಾರ. ಅಳದಂಗಡಿ.

ಇವತ್ತು ಊಟ ಸೇರಲಿಲ್ಲ. ಬೆಂಚಿನ ಮೇಲೆ ನಿಂತ ಅಮ್ಮಣಿಯ ಮುಖ ಕಣ್ಣ ಮುಂದಿನಿಂದ ಹೋಗುವುದೇ ಇಲ್ಲ.

ಶಾಲೆಗೆ ರೇಡಿಯೋ ಬಂದ ಮೇಲೆ ಇವತ್ತೇ ಮೊದಲ ಕನ್ನಡ ಪಾಠ. ಮೂರನೇ ಕ್ಲಾಸಿನ ಮಕ್ಕಳೆಲ್ಲ ಎದ್ದು ನಿಂತು ಆ ಪೆಟ್ಟಿಗೆಗೆ ನಮಸ್ಕಾರ ಹೇಳಿದರು. ನಗು ಬಂತು, ತಡೆದುಕೊಂಡೆ. ರೇಡಿಯೋದ ಮಾಷ್ಟ್ರು, "ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರೆಲ್ಲ ಇದ್ದಾರೆ?" ಎಂದು ಕೇಳಿ ಮಕ್ಕಳು ಉತ್ತರ ಹೇಳಲೆಂದು ಸ್ವಲ್ಪ ಹೊತ್ತು ಬಿಟ್ಟರು. ಆಗ ಎದ್ದವಳು ಅಮ್ಮಣಿ. ಶಾಲೆ ಸುರುವಾದಂದಿನಿಂದ ನನ್ನ ಹತ್ತಿರ ಒಂದು ಮಾತೂ ಆಡದವಳು.

"ಅಪ್ಪೆ ಉಲ್ಲೆರ್. ಒಂಜಿ ಕಂಜಿ ಉಂಡು."

ತಾಯಿ ಮತ್ತು ಒಂದು ಕರು, ಅಷ್ಟೇ ಅವಳ ಮನೆಯೆಂದು ನನಗೆ ಗೊತ್ತಾದದ್ದೇ ಇವತ್ತು.

"ಶಹಭಾಸ್! ಬಹಳ ಚೆನ್ನಾಗಿ ಹೇಳಿದಿರಿ," ಎಂದಿತು ರೇಡಿಯೋ. ಹುಡುಗಿಯ ಮುಖ ಅರಳಿತು.

ಬಾಗಿಲಲ್ಲಿ ಹೆಡ್‌ಮಾಷ್ಟ್ರು ಸುಬ್ಬಯ್ಯನವರು. "ತುಳು ಮಾತಾಡಿದವರಿಗೆ ಏನು ಶಿಕ್ಷೆ ಉಂಟು ಟೀಚರೇ? ಒಬ್ಬಳನ್ನು ಬಿಟ್ಟರೆ ನಾಳೆ ಎಲ್ಲರೂ ಸುರು ಮಾಡ್ತಾರೆ."

ಮನೆಗೆ ಹೋದರೆ ಅವರೂ ತುಳುವೇ, ನಾನೂ ತುಳುವೇ. ಆದರೂ ಅವಳನ್ನು ಬೆಂಚು ಹತ್ತಿಸಿದೆ. ಹುಡುಗಿ ಅಳಲಿಲ್ಲ. ಪಾಠ ಮುಗಿಯುವವರೆಗೂ ರೇಡಿಯೋವನ್ನೇ ನೋಡುತ್ತಾ ನಿಂತಿದ್ದಳು, ಅದರೊಳಗಿನ ಮಾಷ್ಟ್ರು ತನ್ನ ಪರವಾಗಿ ಏನಾದರೂ ಹೇಳ್ತಾರೆ ಎಂದು.

ರೇಡಿಯೋದವರಿಗೆ ಅವಳ ಮಾತು ಕೇಳಿಸಿರಲೇ ಇಲ್ಲ. ನನಗೆ ಕೇಳಿಸಿತ್ತು.

ಆ ಕರುವಿನ ಹೆಸರೇನೆಂದು ನಾಳೆ ಅವಳನ್ನು ಕೇಳಬೇಕು. ತುಳುವಿನಲ್ಲೇ. ಸುಬ್ಬಯ್ಯ ಮಾಷ್ಟ್ರು ಬಾಗಿಲಲ್ಲಿ ನಿಂತಿದ್ದರೂ ಸರಿ. ಅವಳು ಇನ್ನೊಮ್ಮೆ ಬಾಯಿ ತೆರೆದರೆ ಶಹಭಾಸ್ ನಾನೇ ಹೇಳಬೇಕು.